ಟೆಕ್ಸಸ್‌ನಲ್ಲಿ ಗಾಳ ಹಾಕುವ ಮುಂಚೆ

ಊರಿಂದ ಅಪ್ಪ ಅಮ್ಮ ಬಂದಾಗ ಸಂಜೆ ಲೇಕ್ ಹತ್ತಿರ ಕರ್ಕೊಂಡು ಹೋಗಿ ಅಪ್ಪನ ಕೈಗೊಂದು ಗಾಳ ಕೊಡೋದು ನಮ್ಮಲ್ಲಿ ಸುಮಾರು ಜನ ಮಾಡುವ ಕೆಲಸ. ಊರ ಕೆರೆಯಲ್ಲಿ ಎರೆಹುಳು ಚುಚ್ಚಿ ಕೂತ ಹಾಗೆ ಇಲ್ಲಿ ಕೂರೋಕಾಗಲ್ಲ. ಮೀನು ಸಿಗಲಿ ಬಿಡಲಿ, ಗಾಳ ಯಾರ ಕೈಯಲ್ಲಿದೆಯೋ ಅವರ ಹೆಸರಲ್ಲೇ ಲೈಸೆನ್ಸ್ ಇರಬೇಕು. ನಿಮ್ಮ ಲೈಸೆನ್ಸ್ ಅಪ್ಪನಿಗೆ ನಡೆಯುವುದಿಲ್ಲ.

ಆರು ತಿಂಗಳಿಗಿಂತ ಜಾಸ್ತಿ ಬಿಡದೆ ಟೆಕ್ಸಸ್‌ನಲ್ಲೇ ಇದ್ದರೆ ನೀವು ರೆಸಿಡೆಂಟ್, ಸಿಹಿನೀರಿನ ಪ್ಯಾಕೇಜ್ (ಲೇಕ್, ನದಿಗಳಲ್ಲಿ ಹಿಡಿಯಲು ವರ್ಷದ ಲೈಸೆನ್ಸ್) 30 ಡಾಲರ್. ಹೊರಗಿನವರಿಗೆ 58. ಆದರೆ ಅಪ್ಪನಂಥವರಿಗೆ ವರ್ಷದ್ದು ಯಾಕೆ, 16 ಡಾಲರಿನ ಒಂದು ದಿನದ್ದು ಸಾಕು. 17 ತುಂಬದ ಮಕ್ಕಳಿಗೆ ಲೈಸೆನ್ಸೇ ಬೇಡ. ಸ್ಟೇಟ್ ಪಾರ್ಕ್ ಒಳಗೆ ದಂಡೆಯಲ್ಲಿ ನಿಂತು ಹಿಡಿದರೆ ಯಾರಿಗೂ ಬೇಡ, ಹೊಸಬರು ಅಲ್ಲಿಂದಲೇ ಶುರು ಮಾಡಿ. ಒಂದು ಮಾತು ನೆನಪಿರಲಿ: ಈ ಸಿಹಿನೀರಿನ ಪ್ಯಾಕೇಜ್ ಯಾವಾಗ ತಗೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಜುಲೈಯಲ್ಲಿ ಕೊಂಡರೆ ದುಡ್ಡು ದಂಡ ಅಲ್ವಾ?

ಜನ ಎಡವುವುದು ಲೈಸೆನ್ಸ್‌ನಲ್ಲಿ ಅಲ್ಲ, ಅಳತೆಯಲ್ಲಿ. ಲಾರ್ಜ್‌ಮೌತ್ ಬಾಸ್ ಅನ್ನೋ ಮೀನು ಇಟ್ಟುಕೊಳ್ಳಬೇಕಾದರೆ ಕನಿಷ್ಠ 14 ಇಂಚು ಇರಬೇಕು, ಸ್ಮಾಲ್‌ಮೌತ್‌ನಂಥ ಬೇರೆ ಬ್ಲ್ಯಾಕ್ ಬಾಸ್ ಜಾತಿಗಳನ್ನು ಸೇರಿಸಿಯೇ ದಿನಕ್ಕೆ ಹೆಚ್ಚೆಂದರೆ ಐದು. ಕ್ರ್ಯಾಪಿ 10 ಇಂಚು, ದಿನಕ್ಕೆ 25. ಚಾನೆಲ್, ಬ್ಲೂ ಕ್ಯಾಟ್‌ಫಿಶ್ ಎರಡೂ ಸೇರಿ 25, ಅದರಲ್ಲಿ 20 ಇಂಚು ಅಥವಾ ಅದಕ್ಕಿಂತ ಉದ್ದದವು ಹತ್ತೇ. ಲೆಕ್ಕ ತಲೆಗೊಂದು, ಇಬ್ಬರ ಪಾಲು ಒಬ್ಬರ ಡಬ್ಬಕ್ಕೆ ಹಾಕಬೇಡಿ.

ಇವು ಸಾಮಾನ್ಯ ನಿಯಮ ಅಷ್ಟೇ, ಒಂದೊಂದು ಲೇಕಿಗೂ ಬೇರೆ ನಿಯಮ ಇರಬಹುದು. ಡಲ್ಲಾಸ್‌ನಿಂದ ಪೂರ್ವಕ್ಕಿರುವ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನೊಳಗಿನ ಲಾರ್ಜ್‌ಮೌತ್ ಸಿಕ್ಕರೆ ವಾಪಸ್ ನೀರಿಗೆ ಬಿಡಲೇಬೇಕು, ಯಾಕೆಂದರೆ ಅಲ್ಲಿ ದೊಡ್ಡ ಬಾಸ್ ಉಳಿಯಬೇಕು ಅನ್ನೋದೇ ಉದ್ದೇಶ. ಬೇರೆ ಕಡೆ ಖುಷಿಯಿಂದ ಮನೆಗೆ ತರುವ ಸೈಜ್ ಅದು! ಹೊರಡುವ ಮುಂಚೆ ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಔಟ್‌ಡೋರ್ ಆನ್ಯುಯಲ್ ಆ್ಯಪ್ ತೆಗೆದು ಆ ಲೇಕಿನ ಹೆಸರು ಹಾಕಿ ನೋಡಿ, ಎರಡು ನಿಮಿಷದ ಕೆಲಸ.

ಅಳೆಯೋದು ಹೀಗೆ. ಮೀನಿನ ಬಾಯಿ ಮುಚ್ಚಿ, ಮೂತಿಯನ್ನು ಸ್ಕೇಲಿನ ತುದಿಗೆ ತಾಗಿಸಿ, ಬಾಲದ ಎರಡು ಎಸಳನ್ನು ಬೆರಳಲ್ಲಿ ಒತ್ತಿ ಸೇರಿಸಿದಾಗ ಬರುವ ಉದ್ದವೇ ಲೆಕ್ಕ. ಬಾಲ ಹರಡಿಕೊಂಡಿದ್ದಾಗ ಅಳೆದರೆ ಕಡಿಮೆ ಕಾಣುತ್ತದೆ. ನಮ್ಮ ಅಪ್ಪನ ಮೊದಲ ಬಾಸ್ ಬಾಲ ಒತ್ತಿದರೂ ಹದಿಮೂರೂ ಮುಕ್ಕಾಲು ಇಂಚೇ. ಕಾಲಿಂಚು ತಾನೇ ಅಂತ ಇಟ್ಟುಕೊಳ್ಳುವ ಹಾಗಿಲ್ಲ. ಅಪ್ಪ ಕೈ ಒದ್ದೆ ಮಾಡಿಕೊಂಡರು, ಒಣಗಿದ ಕೈಯಲ್ಲಿ ಹಿಡಿದರೆ ಅದರ ಮೈಮೇಲಿನ ಲೋಳೆ ಹೋಗುತ್ತದೆ. ಕೊಕ್ಕೆ ಬಿಡಿಸಿ, ನೀರೊಳಗೆ ಮೆಲ್ಲಗೆ ಹಿಡಿದುಕೊಂಡರು. ಕಿವಿರು ಎರಡು ಸಲ ಆಡಿತು, ಮೂರನೇ ಸಲಕ್ಕೆ ಬಾಲ ಬಡಿದು ಹೊರಟುಹೋಯಿತು.