ನಲ್ಲಿಯ ಮುಂದೆ ಕಲಿತ ಎಕ್ಸ್‌ಪೋಷರ್ ಲೆಕ್ಕ

ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ ಎಲ್ಲರೂ ಮೊದಲು ಬರೆದು ತೋರಿಸುವುದು ಒಂದು ತ್ರಿಕೋನ. ಮೂರು ಮೂಲೆಗಳಲ್ಲಿ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ತೂತು), ಶಟರ್ ವೇಗ (ಬೆಳಕು ಎಷ್ಟು ಹೊತ್ತು ಒಳಬರುತ್ತದೆ ಎಂಬುದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಚಿತ್ರ ಎಷ್ಟು ಬೆಳಕಾಗಿ ಬರುತ್ತದೆ ಎಂಬ ಎಕ್ಸ್‌ಪೋಷರ್ ಲೆಕ್ಕ ಈ ಮೂರರ ಮೇಲೆ ನಿಂತಿದೆ. ನನಗೂ ಅದನ್ನೇ ತೋರಿಸಿದ್ದರು. ತ್ರಿಕೋನ ಬಾಯಿಪಾಠವಾಯಿತು, ಆದರೆ ಯಾವ ಗುಂಡಿಯನ್ನು ಎಷ್ಟು ತಿರುಗಿಸಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಅಡುಗೆಮನೆಯ ನಲ್ಲಿಯ ಮುಂದೆ.

ಕಿಟಕಿಯ ಬೆಳಕಿನಲ್ಲಿ ನಲ್ಲಿಯನ್ನು ಸಣ್ಣಗೆ ಬಿಟ್ಟು, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಮೂರನ್ನೂ ನಾನೇ ಹೊಂದಿಸುವ ಮ್ಯಾನ್ಯುವಲ್ ಮೋಡ್‌ಗೆ ಹಾಕಿದೆ. ಎಫ್/4, ಸೆಕೆಂಡಿನ 1/60, ಐಎಸ್‌ಒ 400 ಇಟ್ಟಾಗ ಬೆಳಕು ಹದವಾಗಿ ಬಂತು. ನೀರಿನ ಹನಿಗಳು ಬಿಡಿಬಿಡಿಯಾಗಿ ಕಾಣಬೇಕಾದರೆ ಶಟರ್ 1/1000ಕ್ಕೆ ಹೋಗಬೇಕು. 60ರಿಂದ 125, 250, 500, 1000: ನಾಲ್ಕು ಹೆಜ್ಜೆ. ಪ್ರತಿ ಹೆಜ್ಜೆಗೂ ಬೆಳಕು ಅರ್ಧಕ್ಕಿಳಿಯುತ್ತದೆ. ನಾಲ್ಕು ಹೆಜ್ಜೆ ಹೋದರೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು. ಕಳೆದುಕೊಂಡ ನಾಲ್ಕನ್ನು ಬೇರೆ ಕಡೆಯಿಂದ ತರಬೇಕು. ಅಪರ್ಚರನ್ನು ಎಫ್/2.8ಕ್ಕೆ ತೆರೆದೆ, ಒಂದು ಸಿಕ್ಕಿತು. ಐಎಸ್‌ಒ 800, 1600, 3200 ಎಂದು ಏರಿಸಿದೆ, ಉಳಿದ ಮೂರೂ ಸಿಕ್ಕವು. ಚಿತ್ರದ ಬೆಳಕು ಮೊದಲಿನಷ್ಟೇ ಇತ್ತು. ನೀರು ಮಾತ್ರ ದಾರ ಕಡಿದ ಮಣಿಸರದಂತೆ ಗಾಳಿಯಲ್ಲಿ ನಿಂತಿತ್ತು. ಹಾಗೆಯೇ ಉಲ್ಟಾ ಹೋಗಿ 1/15 ಮತ್ತು ಎಫ್/8 ಇಟ್ಟು, ಐಎಸ್‌ಒ 400ಕ್ಕೇ ಮರಳಿದೆ. ಅದೇ ನೀರು ನುಣುಪಾದ ಒಂದು ಎಳೆಯಾಯಿತು. ಬೆಳಕು ಆಗಲೂ ಅಷ್ಟೇ.

ಈ ಹೆಜ್ಜೆಗೇ ಛಾಯಾಗ್ರಾಹಕರು ‘ಸ್ಟಾಪ್’ ಎನ್ನುವುದು. ಮೂರನ್ನೂ ಸ್ಟಾಪ್‌ಗಳಲ್ಲಿ ಎಣಿಸಲು ಬಂದರೆ ಕೂಡುವ ಕಳೆಯುವ ಲೆಕ್ಕ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳಲ್ಲಿ ಗುಂಡಿಯ ಒಂದು ಟಿಕ್ ಎಂದರೆ ಸ್ಟಾಪ್‌ನ ಮೂರನೇ ಒಂದು ಭಾಗ. ಹಾಗಾಗಿ ಈಗಲೂ ನಾನು ‘ಮೂರು ಟಿಕ್, ಒಂದು ಸ್ಟಾಪ್’ ಎಂದು ಬೆರಳಿನಲ್ಲೇ ಎಣಿಸುತ್ತೇನೆ.

ಅಪರ್ಚರ್ ಸಂಖ್ಯೆಗಳು ಮಾತ್ರ ವಿಚಿತ್ರ: 1.4, 2, 2.8, 4, 5.6, 8, 11, 16. ಲೆನ್ಸಿನ ಫೋಕಲ್ ದೂರವನ್ನು (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆ) ತೂತಿನ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. 50 ಮಿ.ಮೀ. ಲೆನ್ಸಿನಲ್ಲಿ ಎಫ್/2 ಎಂದರೆ 25 ಮಿ.ಮೀ. ಅಗಲ, ಎಫ್/4 ಎಂದರೆ ಹನ್ನೆರಡೂವರೆ. ಅಗಲ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗವಾಗುತ್ತದೆ, ಅಂದರೆ ಎರಡು ಸ್ಟಾಪ್. ಒಂದೇ ಸ್ಟಾಪ್ ಇಳಿಸಲು ಸುಮಾರು 1.4ರಿಂದ ಗುಣಿಸಬೇಕು. ಸಂಖ್ಯೆ ದೊಡ್ಡದಾದಷ್ಟೂ ತೂತು ಯಾಕೆ ಚಿಕ್ಕದು ಎಂಬ ಗೊಂದಲಕ್ಕೂ ಇದೇ ಉತ್ತರ.

ಹೊರಗೆ ಹೋದಾಗ ನಾನು ಮೂರನ್ನೂ ಒಟ್ಟಿಗೆ ಯೋಚಿಸುವುದಿಲ್ಲ. ಎದುರಿಗಿರುವುದು ಅಲುಗಾಡುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಓಡುವ ಮಗುವಾದರೆ 1/500ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಲುಗದ ವಸ್ತುವಾದರೆ ನನ್ನ ಕೈ ನಡುಗದಷ್ಟು ವೇಗ ಸಾಕು, ಫೋಕಲ್ ದೂರದ ಸಂಖ್ಯೆಯನ್ನೇ ಶಟರ್‌ಗೂ ಇಡು, ಅಂದರೆ 200 ಮಿ.ಮೀ. ಲೆನ್ಸಿಗೆ 1/200 ಎಂಬ ಹಳೆಯ ನಿಯಮ ಇಂದಿಗೂ ಕೆಲಸಕ್ಕೆ ಬರುತ್ತದೆ. ಆಮೇಲೆ ಹಿನ್ನೆಲೆ ಮಸುಕಾಗಬೇಕೋ (ತೂತು ದೊಡ್ಡದು) ಸ್ಪಷ್ಟವಾಗಬೇಕೋ (ತೂತು ಚಿಕ್ಕದು) ಎಂದು ನೋಡಿ ಅಪರ್ಚರ್ ನಿರ್ಧರಿಸುತ್ತೇನೆ. ಐಎಸ್‌ಒ ಕೊನೆಗೆ, ಉಳಿದ ಬಾಕಿ ತುಂಬಲು. ಐಎಸ್‌ಒ ಏರಿಸಲು ಹೆದರುವವರನ್ನು ಕಂಡರೆ ನನಗೆ ಸ್ವಲ್ಪ ಸಿಡುಕು. ಕಾಳುಕಾಳಾಗಿ ಬಂದ ಚಿತ್ರವನ್ನು ನೋಡಬಹುದು, ಅಲುಗಾಡಿ ಕಲಸಿಹೋದ ಮುಖವನ್ನು ಏನೂ ಮಾಡಲಾಗದು. ಮ್ಯಾನ್ಯುವಲ್ ಮೋಡ್ ಬಳಸದವನು ಛಾಯಾಗ್ರಾಹಕನೇ ಅಲ್ಲ ಎನ್ನುವವರೂ ಇದ್ದಾರೆ. ನಾನು ಬಹುಪಾಲು, ಅಪರ್ಚರ್ ನಾನು ಇಟ್ಟರೆ ಶಟರ್ ವೇಗವನ್ನು ಕ್ಯಾಮೆರಾ ಆರಿಸುವ ಅಪರ್ಚರ್ ಪ್ರಯಾರಿಟಿಯಲ್ಲೇ ತೆಗೆಯುತ್ತೇನೆ, ಐಎಸ್‌ಒ ಆಟೋದಲ್ಲಿಟ್ಟು, ಶಟರ್‌ಗೆ ಕನಿಷ್ಠ ವೇಗ ನಿಗದಿ ಮಾಡಿ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಬೆಳಕು ಅಳೆಯುವ ಕ್ಯಾಮೆರಾದ ಮೀಟರನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಎದುರಿಗಿರುವುದೆಲ್ಲ ಸರಾಸರಿಯಾಗಿ ನಡುವಿನ ಬೂದು ಬಣ್ಣದ್ದು ಎಂದೇ ಅದರ ಎಣಿಕೆ. ಚೌಕಟ್ಟು ತುಂಬ ಬಿಳಿ ಗೋಡೆಯಿದ್ದರೆ ಅದನ್ನು ಬೂದಾಗಿಸುತ್ತದೆ. ಆಗ ನಾನು ಮೀಟರ್ ಹೇಳಿದ್ದನ್ನು ತಿದ್ದುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ನಲ್ಲಿ ಒಂದು ಸ್ಟಾಪ್ ಕೂಡಿಸುತ್ತೇನೆ. ಕಪ್ಪು ಬಟ್ಟೆಯಾದರೆ ಅಷ್ಟೇ ಕಳೆಯುತ್ತೇನೆ. ಕಪ್ಪು ಆಕಾಶದ ನಡುವಿನ ಹುಣ್ಣಿಮೆಯ ಚಂದ್ರನ ಮುಂದಂತೂ ಮೀಟರ್ ಪೂರ್ತಿ ಸೋಲುತ್ತದೆ. ಸುತ್ತಲಿನ ಕತ್ತಲೆಯನ್ನು ಬೆಳಗಿಸಲು ಹೋಗಿ ಚಂದ್ರನನ್ನು ಬಿಳಿಯ ಬಿಲ್ಲೆ ಮಾಡಿಬಿಡುತ್ತದೆ. ಚಂದ್ರನ ಮೇಲೆ ಬಿದ್ದಿರುವುದು ಬಿಸಿಲು ಎಂಬುದು ಅದಕ್ಕೆ ತಿಳಿಯದು. ಎಫ್/11, 1/125, ಐಎಸ್‌ಒ 100 ಇಟ್ಟು ಶುರುಮಾಡಿ, ಹಿಂದಿನ ಪರದೆಯಲ್ಲಿ ಚಂದ್ರನ ಕಲೆಗಳು ತಿಳಿಯಾಗಿ ಕಾಣುವವರೆಗೆ ಟಿಕ್ ಟಿಕ್ ಎಂದು ಆಚೀಚೆ ಸರಿಸುತ್ತೇನೆ.