ಬೇಟೆ ಸಾಮಾನಿನ ಅಂಗಡಿಗೆ ಹೊಸ ತಲೆಮಾರಿನ ಗಿರಾಕಿಯನ್ನು ತರುವ ಬಗೆ

ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆಯ ಸಮೀಕ್ಷೆಯ ಪ್ರಕಾರ ಆ ದೇಶದಲ್ಲಿ 2011ರಲ್ಲಿ 1.37 ಕೋಟಿ ಬೇಟೆಗಾರರಿದ್ದರು. 2016ಕ್ಕೆ ಆ ಸಂಖ್ಯೆ 1.15 ಕೋಟಿಗೆ ಇಳಿದಿತ್ತು. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ದೊಡ್ಡ ತಲೆಮಾರು ವಯಸ್ಸಾಗಿ ಕಾಡಿನಿಂದ ಹಿಂದೆ ಸರಿಯುತ್ತಿದೆ. ನಗರದಲ್ಲಿ ಬೆಳೆದ ಮೊಮ್ಮಕ್ಕಳಲ್ಲಿ ಅನೇಕರಿಗೆ ಬೇಟೆಯನ್ನು ಹೇಳಿಕೊಡುವವರೂ ಇಲ್ಲ, ಕಾಲಿಡಲು ಪರಿಚಯದವರ ಜಮೀನೂ ಇಲ್ಲ. ಸಾಲ ಮತ್ತು ಆನ್‌ಲೈನ್ ಪೈಪೋಟಿಯೂ ಸೇರಿ ದೊಡ್ಡ ಮಳಿಗೆಗಳೇ ಅಲುಗಾಡಿವೆ. ಗ್ಯಾಂಡರ್ ಮೌಂಟನ್ 2017ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ಕಬೇಲಾಸ್ ಅನ್ನು ಬಾಸ್ ಪ್ರೊ ಶಾಪ್ಸ್ ಕೊಂಡಿತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರೊಂದರಲ್ಲಿ ಇಂಥ ಅಂಗಡಿ ನಡೆಸುವವರು ಮೊದಲು ಮಾಡಬೇಕಾದದ್ದು ಗಿರಾಕಿಗಳ ವಯಸ್ಸನ್ನು ಮಾರಾಟದ ಲೆಕ್ಕದೊಂದಿಗೆ ತಾಳೆ ನೋಡುವುದು. ನವೆಂಬರ್‌ನ ಒಂಬತ್ತು ದಿನಗಳ ಬಂದೂಕು ಜಿಂಕೆ ಬೇಟೆಯ ಮಾರಾಟ ಬಹುಪಾಲು ಅರವತ್ತು ದಾಟಿದವರಿಂದಲೇ ಬರುತ್ತಿದ್ದರೆ, ಮುಂದಿನ ಸಾಲಿನ ರೈಫಲ್ ದಾಸ್ತಾನನ್ನು ಈಗಲೇ ಕಡಿಮೆ ಮಾಡುವುದು ಲೇಸು.

ಆ ರಾಜ್ಯದಲ್ಲಿ 1973ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಪರವಾನಗಿ ಪಡೆಯಲು ಸಾಮಾನ್ಯವಾಗಿ ಬೇಟೆ ಸುರಕ್ಷತಾ ತರಬೇತಿ ಮುಗಿಸಿರಬೇಕು. ಆದ್ದರಿಂದ ಹೊಸಬರು ಸಿಗುವ ಜಾಗ ಆ ತರಗತಿಯೇ. ಅಂಗಡಿಯ ಹಿಂಬದಿಯ ಕೋಣೆಯನ್ನು ಬೋಧಕರಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಿ. ರಾಜ್ಯದ ವನ್ಯಜೀವಿ ಇಲಾಖೆಗೂ ಇದರಲ್ಲಿ ಹಿತವಿದೆ: 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಡಿ ರೈಫಲ್ ಮತ್ತು ಮದ್ದುಗುಂಡುಗಳ ಮೇಲಿನ ಶೇಕಡಾ 11ರ ಸುಂಕ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಬೇಟೆ ನಿಷಿದ್ಧವಾಗಿರುವ ನಮ್ಮ ದೇಶದ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು, ಆದರೆ ಅಲ್ಲಿನ ಜೌಗುನೆಲಗಳೂ ಕಾಡುಗಳೂ ಉಳಿದಿರುವುದರಲ್ಲಿ ಈ ಹಣದ ಪಾಲು ದೊಡ್ಡದು. ಅಂಗಡಿಗಳು ಉಳಿಯಬೇಕೆಂದು ನಾನು ಬಯಸುವುದೂ ಇದೇ ಕಾರಣಕ್ಕೆ.

ಯುವಕರಿಗಾಗಿ ಹೆಚ್ಚು ಜಾಗವನ್ನು ಬಿಲ್ಲುಗಾರಿಕೆಗೆ ಕೊಡಿ. ವಿಸ್ಕಾನ್ಸಿನ್‌ನಲ್ಲಿ ಬಿಲ್ಲಿನ ಬೇಟೆ ಸೆಪ್ಟೆಂಬರ್ ಮಧ್ಯದಲ್ಲಿ ಆರಂಭವಾಗಿ ಜನವರಿಯವರೆಗೆ ನಡೆಯುವುದರಿಂದ ವ್ಯಾಪಾರ ಒಂಬತ್ತು ದಿನಗಳಿಗೆ ಕಟ್ಟುಬೀಳುವುದಿಲ್ಲ. ಕೆಂಟಕಿಯಲ್ಲಿ 2002ರಲ್ಲಿ ಆರಂಭವಾದ ಶಾಲಾ ಬಿಲ್ಲುಗಾರಿಕೆ ಕಾರ್ಯಕ್ರಮದ ಮೂಲಕ ಬಾಣ ಬಿಟ್ಟು ಅಭ್ಯಾಸವಿರುವ ಮಕ್ಕಳೂ ಅನೇಕರಿದ್ದಾರೆ. ಬಂದವರಿಗೆ ಬಿಲ್ಲನ್ನು ಅಳೆದು ಹೊಂದಿಸಿಕೊಡುವುದು ಆನ್‌ಲೈನ್ ಮಾರಾಟಗಾರನಿಗೆ ಸಾಧ್ಯವಿಲ್ಲದ ಕೆಲಸ. ಗಿರಾಕಿ ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಚಾಚಿ ನಿಲ್ಲಲಿ. ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಯವರೆಗಿನ ಅಂಗುಲಗಳನ್ನು 2.5ರಿಂದ ಭಾಗಿಸಿ. 70 ಅಂಗುಲವಿದ್ದರೆ ದಾರವನ್ನು ಎಳೆಯುವ ಉದ್ದ ಸುಮಾರು 28 ಅಂಗುಲವಾಗುತ್ತದೆ. ಅನಂತರ ಅಂಗಡಿಯಲ್ಲೇ ನಾಲ್ಕಾರು ಬಾಣ ಬಿಡಿಸಿ, ಮೊಣಕೈ ಎಲ್ಲಿ ನಿಲ್ಲುತ್ತದೆಂದು ನೋಡಿ ಸರಿಪಡಿಸಿ.

ಮೊದಲ ವರ್ಷವೇ ಎಲ್ಲವನ್ನೂ ಕೊಳ್ಳಿಸಬೇಡಿ. ಬಂದೂಕು ಬೇಟೆಯ ದಿನಗಳಲ್ಲಿ ಕಡ್ಡಾಯವಾದ ಢಾಳು ಕಿತ್ತಳೆ ಅಥವಾ ಢಾಳು ಗುಲಾಬಿ ಬಣ್ಣದ ಉಡುಪು, ದುರ್ಬೀನು, ಮರದ ಮೇಲೆ ಕೂರುವ ಅಟ್ಟಣೆಯ ಸುರಕ್ಷತಾ ಪಟ್ಟಿ, ಇವನ್ನು ಬಾಡಿಗೆಗೆ ಕೊಟ್ಟರೆ ಹಿಂಜರಿಯುವವರೂ ಹೆಜ್ಜೆ ಇಡುತ್ತಾರೆ. ಆದರೆ ಬಿದ್ದು ಪೆಟ್ಟಾಗಿರುವ ಅಥವಾ ಅವಧಿ ಮುಗಿದಿರುವ ಪಟ್ಟಿಯನ್ನು ಯಾವ ಕಾರಣಕ್ಕೂ ಕೊಡಬಾರದು. ಮಾಂಸ ಕತ್ತರಿಸಿ ಕಟ್ಟಿಡುವುದನ್ನು ಕಲಿಸುವ ಸಂಜೆಯ ತರಗತಿಗೂ ಆಸಕ್ತರಿದ್ದಾರೆ, ಏಕೆಂದರೆ ತಾವು ತಿನ್ನುವುದು ಎಲ್ಲಿಂದ ಬಂತೆಂದು ತಿಳಿಯಬಯಸುವ ನಗರದ ಯುವಜನರು ಈ ದಾರಿಯಿಂದಲೇ ಬೇಟೆಗೆ ಬರುತ್ತಿದ್ದಾರೆ. ಮೀನುಗಾರಿಕೆ, ಡೇರೆ, ದೋಣಿಯ ಸಾಮಾನುಗಳು ಬೇಸಿಗೆಯ ಖರ್ಚನ್ನು ತೂಗಿಸುತ್ತವೆ.

ಬಾಡಿಗೆಗೆ ಪಡೆದವರ ಹೆಸರನ್ನು ಬರೆದಿಟ್ಟುಕೊಂಡು, ಮುಂದಿನ ಆಗಸ್ಟ್‌ನಲ್ಲಿ ಒಬ್ಬೊಬ್ಬರಿಗೂ ಫೋನ್ ಮಾಡಿ, ಈ ಸಲ ಯಾರೊಂದಿಗೆ ಹೋಗುತ್ತೀರಿ ಎಂದು ಕೇಳಿ. ಜೊತೆಯಿಲ್ಲದವರನ್ನು ನಿಮ್ಮ ಹಳೆಯ ಗಿರಾಕಿಗಳಲ್ಲಿ ಒಬ್ಬರಿಗೆ ಪರಿಚಯಿಸಿಕೊಡಿ.