ಎರಡು ಹನಿ ಮೂತ್ರ, ಓಕುಳಿ ಕೆಂಪು: ನನ್ನ ಪಿಬಿಜಿ ಟೆಸ್ಟ್

ನಮ್ಮದು ಮಲೆನಾಡಿನ ಪುಟ್ಟ ಲ್ಯಾಬ್. ಪಾರ್ಫಿರಿಯಾ (ರಕ್ತಕ್ಕೆ ಬೇಕಾದ ಹೀಮ್ ತಯಾರಾಗುವಾಗ ಎಡವಟ್ಟಾಗಿ ಬರುವ ಕಾಯಿಲೆ) ಅನುಮಾನ ಬಂದರೆ "ಇಲ್ಲಿ ಆಗೋದಲ್ಲ, ಬೆಂಗಳೂರಿಗೆ ಕಳಿಸಿ" ಅನ್ನುವುದೇ ರೂಢಿ. ಬಿಸಿಲಲ್ಲಿ ಒಂದೂವರೆ ದಿನ ಡಬ್ಬಿಯೊಳಗೆ ಕೂತ ಮೂತ್ರದಲ್ಲಿ ಪಿಬಿಜಿ (ಪಾರ್ಫೋಬಿಲಿನೋಜೆನ್, ಈ ಕಾಯಿಲೆ ಕೆರಳಿದಾಗ ಮೂತ್ರದಲ್ಲಿ ಹೆಚ್ಚುವ ವಸ್ತು) ಎಷ್ಟು ಉಳಿದೀತು? ಅದಕ್ಕೇ ಹಟ ಹಿಡಿದೆ.

ಮೊದಲು ಪಿಬಿಜಿ ಹುಡುಕುವ ವಾಟ್ಸನ್-ಶ್ವಾರ್ಟ್ಜ್ ಟೆಸ್ಟ್ ಮಾಡಿದೆ. ಕ್ಲೋರೋಫಾರ್ಮ್, ಬ್ಯುಟನಾಲ್ ಕುಲುಕಿ ಕುಲುಕಿ ಎರಡು ತಿಂಗಳು ಹೋಯಿತು. ಪದರ ಸರಿಯಾಗಿ ಬೇರೆಯಾಗುತ್ತಿರಲಿಲ್ಲ. ಆಮೇಲೆ ಅದಕ್ಕಿಂತ ಸರಳವಾದ ಹೋಶ್ ಟೆಸ್ಟಿಗೆ ಬಂದೆ. 6 ನಾರ್ಮಲ್ ಸಾಂದ್ರತೆಯ ಎಚ್‌ಸಿಎಲ್ ಆಸಿಡ್ 100 ಎಂ.ಎಲ್., ಅದಕ್ಕೆ ಎರ್ಲಿಕ್ ಪುಡಿ (ಪಿಬಿಜಿ ಸೇರಿದರೆ ಕೆಂಪಾಗುವ ರಾಸಾಯನಿಕ) 2 ಗ್ರಾಂ. ಮೊದಲ ಬಾಟಲಿ ಬಿಳಿ ಗಾಜಿನದು, ಕಿಟಕಿ ಪಕ್ಕ ಇಟ್ಟು ಕೆಡಿಸಿದೆ. ಎರಡನೇ ಸಲ ಮೂತ್ರ ಜಾಸ್ತಿ ಸುರಿದೆ. ಯೂರಿಯಾದಿಂದ ಬರೀ ಹಳದಿ. ಎರಡು ಎಂ.ಎಲ್. ರೀಏಜೆಂಟಿಗೆ ಎರಡೇ ಹನಿ ಸಾಕು.

ದುಡ್ಡಿನ ಮಾತು: ಪುಡಿ, ಆಸಿಡ್, ಕಂದು ಬಾಟಲಿ ಎಲ್ಲ ಸೇರಿ ಮೂರು ಸಾವಿರದ ಆಸುಪಾಸು, ನನ್ನ ಕೈಯಿಂದಲೇ. ಒಂದು ಟೆಸ್ಟಿಗೆ ಐದು ರೂಪಾಯಿಯೂ ಬೀಳುವುದಿಲ್ಲ. ಹೋಲಿಸಿ ನೋಡಲು ಬೇಕಾದ ಶುದ್ಧ ಪಿಬಿಜಿ ಸ್ಟ್ಯಾಂಡರ್ಡಿನ ಬೆಲೆ ಕೇಳಿ ಸುಮ್ಮನಾದೆ. ಕಾಮಾಲೆಯವರ ಮೂತ್ರದಲ್ಲಿ ಯುರೋಬಿಲಿನೋಜೆನ್ (ಪಿಬಿಜಿಯಂತೆ ಎರ್ಲಿಕ್ ಪುಡಿಗೆ ಬಣ್ಣ ಕೊಟ್ಟು ದಾರಿ ತಪ್ಪಿಸಬಲ್ಲ ವಸ್ತು) ಇದ್ದರೂ ಈ ಟೆಸ್ಟಿನಲ್ಲಿ ಕೆಂಪಾಗುವುದಿಲ್ಲ ಅಂತ ಹತ್ತಿಪ್ಪತ್ತು ಸಲ ನೋಡಿಕೊಂಡೆ. ಪಾಸಿಟಿವ್ ಮಾತ್ರ ಒಂದೂ ಸಿಕ್ಕಿರಲಿಲ್ಲ. ಇದರ ನಡುವೆ ನೋಟು ನೋಡುವ ಯುವಿ ಲೈಟನ್ನು ಕತ್ತಲೆ ಕೋಣೆಯಲ್ಲಿ ಕಂದು ಮೊಟ್ಟೆಗೆ ಹಿಡಿದೆ. ಸಿಪ್ಪೆ ಕೆಂಪಗೆ ಹೊಳೆಯಿತು! ಅದೂ ಪಿಬಿಜಿಯಿಂದ ತಯಾರಾಗುವ ಪಾರ್ಫಿರಿನ್ನೇ ಅಲ್ವಾ.

ಕೊನೆಗೆ ಒಬ್ಬ ಹುಡುಗಿ ಬಂದಳು. ವಿಪರೀತ ಹೊಟ್ಟೆನೋವು, ಅಪೆಂಡಿಕ್ಸ್ ಆಗಲೇ ತೆಗೆಸಿದ್ದರು, ಸ್ಕ್ಯಾನ್ ನಾರ್ಮಲ್, ರಕ್ತದ ಸೋಡಿಯಂ 120ರ ಕೆಳಗೆ, ತೀರಾ ಕಮ್ಮಿ. ಈ ಕಾಯಿಲೆಯನ್ನು ಕೆರಳಿಸಬಲ್ಲ ವಾರಗಟ್ಟಲೆ ವ್ರತದ ಉಪವಾಸ ಬೇರೆ. ಬೆಳಿಗ್ಗೆ ಹಿಡಿದ ಮೂತ್ರ ಮಧ್ಯಾಹ್ನಕ್ಕೆ ಪುನರ್ಪುಳಿ ಶರಬತ್ತಿನ ಬಣ್ಣಕ್ಕೆ ತಿರುಗಿತ್ತು. ತಾಜಾ ಮೂತ್ರ ತರಿಸಿ ಎರಡು ಹನಿ ಬಿಟ್ಟೆ. ಮೇಲ್ಗಡೆ ತಟ್ಟನೆ ಓಕುಳಿ ಕೆಂಪು. ಅಲುಗಿಸಿದೆ, ಟ್ಯೂಬಿಡೀ ಕೆಂಪು. ಕೈ ನಡುಗುತ್ತಿತ್ತು.

ಡಾಕ್ಟರ್ ಮೊದಲು ನಂಬಲಿಲ್ಲ. ಅವರ ಕಣ್ಣೆದುರೇ ಇನ್ನೊಮ್ಮೆ ಮಾಡಿ ತೋರಿಸಿದೆ. ಅಂದೇ ಗ್ಲೂಕೋಸ್ ಡ್ರಿಪ್ ಹಾಕಿದರು, ಈ ಕಾಯಿಲೆಗೆ ಆಗದ ಔಷಧಿ ನಿಲ್ಲಿಸಿದರು. ಫಾಯಿಲ್ ಸುತ್ತಿ, ಐಸಿನಲ್ಲಿ ನಾನೇ ಬಸ್ಸಿನಲ್ಲಿ ಒಯ್ದ ಸ್ಯಾಂಪಲ್ ದೊಡ್ಡ ಲ್ಯಾಬಿನಲ್ಲೂ ಪಾಸಿಟಿವ್ ಬಂತು. ನಾಲ್ಕೈದು ದಿನಕ್ಕೆ ಹುಡುಗಿ ಎದ್ದು ಗಂಜಿ ಕುಡಿದಳು.

ಅವಳ ಒಪ್ಪಿಗೆ ಪಡೆದು ಆ ಮೂತ್ರವನ್ನೇ ಸಣ್ಣ ಸಣ್ಣ ವಯಲ್‌ಗಳಲ್ಲಿ ಫ್ರೀಜ್ ಮಾಡಿ ಕಂಟ್ರೋಲ್ ಆಗಿ, ಅಂದರೆ ಟೆಸ್ಟ್ ಸರಿಯಿದೆಯಾ ಅಂತ ಹೋಲಿಸಿ ನೋಡಲು, ಇಟ್ಟಿದ್ದೇನೆ. ಎಂಟು ತಿಂಗಳಾದರೂ ಕೆಂಪು ಬರುತ್ತಿದೆ. ಫ್ರೀಜ್ ಮಾಡುವ ಮುಂಚೆ ಅದಕ್ಕೆ ಏನು ಸೇರಿಸುತ್ತೇನೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.